ಸೂಜಿಯಲ್ಲಿ ಉಳಿದ ನಾಲ್ಕು ಕಾರ್ಡು

ಗುರುವಪ್ಪನವರ ಪರಿಚಯ ನನಗಾದದ್ದು ಜಗಳದಿಂದ. 1984ರ ಜುಲೈ ತಿಂಗಳು. ನಂತೂರಿನಿಂದ ಮೇಲೆ, ಲಾರಿಗಳು ಗೇರು ಬದಲಿಸಿ ಏದುಸಿರು ಬಿಡುವ ಏರಿನ ಪಕ್ಕದಲ್ಲಿ, ಸುಣ್ಣದ ವಾಸನೆ ಇನ್ನೂ ಆರದ ಒಂದು ಖಾಸಗಿ ಕಾಲೇಜಿಗೆ ನಾನು ಲೆಕ್ಚರರ್ ಆಗಿ ಸೇರಿದ ದಿನ. ಕಂಪ್ಯೂಟರ್ ಕೋಣೆ ಎಲ್ಲಿದೆ ಎಂದು ಕೇಳಿಕೊಂಡು ಸೀದಾ ಒಳಗೆ ಕಾಲಿಡಲು ಹೋದರೆ, ಖಾಕಿ ಅಂಗಿ ತೊಟ್ಟ, ಕನ್ನಡಕದ ಕಾಲಿಗೆ ನೂಲು ಸುತ್ತಿಕೊಂಡ ನಡುವಯಸ್ಸಿನವರೊಬ್ಬರು ಬಾಗಿಲಿಗೆ ಅಡ್ಡ ನಿಂತರು.

“ಮೇಡಂ, ಚಪ್ಪಲಿ ಹೊರಗೆ.”

“ಇದೆಂತ ದೇವಸ್ಥಾನವಾ?”

“ದೇವಸ್ಥಾನ ಆದ್ರೆ ನಾನು ಇಷ್ಟು ಹೇಳ್ತಿರ್ಲಿಲ್ಲ. ಧೂಳು ಬಿದ್ರೆ ದೇವರಿಗೆ ಎಂತ ಆಗುದಿಲ್ಲ. ಇದು ಹಾಳಾಗ್ತದೆ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಕುಟುಂಬದಲ್ಲಿ ಗಂಡಸರು ಮುಂಬಯಿಯಲ್ಲಿ ಹೋಟೆಲು ಇಡುತ್ತಾರೆ, ಹೆಂಗಸರು ಊರಲ್ಲಿ ಕೂತು ಆ ಗಂಡಸರಿಗೆ ಬುದ್ಧಿ ಹೇಳುತ್ತಾರೆ. ಶಶಿಪ್ರಭಾ ಮಾತ್ರ ಕಂಪ್ಯೂಟರ್ ಕಲಿತು ಬಂದು ಎರಡಕ್ಕೂ ಸಲ್ಲದವಳಾದಳು ಎಂದು ಅಮ್ಮ ನನ್ನ ಬಗ್ಗೆ ಹೇಳುವುದುಂಟು. ಆ ದಿನವೂ ಸಿಟ್ಟು ಬಂತು. ಆದರೆ ಅಟೆಂಡರ್ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಒಳಗೆ ಇದ್ದದ್ದು ಒಂದೇ ಒಂದು ಕಂಪ್ಯೂಟರ್. ಅದಕ್ಕೊಂದು ಏಸಿ. ಕರೆಂಟು ಹೋದರೆ ಎರಡೂ ಇಲ್ಲ, ಮತ್ತು ಕರೆಂಟು ದಿನಾ ಹೋಗುತ್ತಿತ್ತು. ನನ್ನ ವಿಷಯ ಡೇಟಾಬೇಸ್. ರಾಶಿ ಬಿದ್ದ ಮಾಹಿತಿಯಿಂದ ನಮಗೆ ಬೇಕಾದಷ್ಟನ್ನೇ ಹೇಗೆ ಕೇಳಿ ಪಡೆಯುವುದು ಎಂಬ ವಿದ್ಯೆ. ಹಾಗೆ ಕೇಳುವುದಕ್ಕೆ ಕ್ವೆರಿ ಎಂದು ಹೆಸರು. ಕ್ಲಾಸಿಗೆ ಮೂವತ್ತೆಂಟು ಸೀಟು, ಮೂವತ್ತೆಂಟು ಮಕ್ಕಳು. ಅವರು ಕ್ವೆರಿಯನ್ನು ಕಾಗದದಲ್ಲಿ ಬರೆದುಕೊಡುತ್ತಿದ್ದರು, ನಾನು ಕಣ್ಣಲ್ಲೇ ಓದಿ ಮಾರ್ಕು ಹಾಕುತ್ತಿದ್ದೆ. ಒಂದೆರಡು ಸಲ ಹಾಗೆ ಮಾಡಿದ ಮೇಲೆ ನನ್ನ ಮೇಲೆ ನನಗೇ ಅನುಮಾನ ಬಂತು. ಅಕ್ಷರ ದುಂಡಗಿದ್ದವರಿಗೆ ಎರಡು ಮಾರ್ಕು ಜಾಸ್ತಿ ಬೀಳುತ್ತಿತ್ತು. ಬುದ್ಧಿವಂತ ಎಂದು ನಾನು ಮೊದಲೇ ತೀರ್ಮಾನಿಸಿದವನು ಏನು ಬರೆದರೂ, ‘ಇವನು ಹೇಳಬೇಕೆಂದಿದ್ದು ಇದೇ’ ಎಂದು ನಾನೇ ಅರ್ಥ ತುಂಬಿಕೊಳ್ಳುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ಒಂದು ದಿನ ಇದನ್ನು ಹೇಳಿ ಕೂಗಾಡುತ್ತಿದ್ದಾಗ ಗುರುವಪ್ಪನವರು ಚಹಾ ತಂದಿಟ್ಟರು. ಕೇಳಿಸಿಕೊಂಡರು. ಮರುದಿನ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದರು.

ಪೆಟ್ಟಿಗೆಯಲ್ಲಿ ಅಂಗೈಯಗಲದ ದಪ್ಪ ಕಾರ್ಡುಗಳಿದ್ದವು, ಒಟ್ಟು ನೂರ ಇಪ್ಪತ್ತು. ಒಂದೊಂದು ಕಾರ್ಡಿನಲ್ಲಿ ಒಬ್ಬೊಬ್ಬ ಕೆಲಸಗಾರನ ಹೆಸರು, ವಯಸ್ಸು, ಊರು, ಕೆಲಸ. ನಾಲ್ಕೂ ಅಂಚಿನಲ್ಲಿ ಸಾಲು ತೂತು. ಪ್ರತಿ ತೂತಿಗೂ ಒಂದು ಅರ್ಥ. ಕೂಳೂರಿನವನ ಕಾರ್ಡಾದರೆ ಕೂಳೂರಿನ ತೂತನ್ನು ಅಂಚಿನವರೆಗೆ ಕತ್ತರಿಸಿರುತ್ತಾರೆ. ಎಲ್ಲ ಕಾರ್ಡು ಒಟ್ಟು ಜೋಡಿಸಿ ಆ ತೂತಿಗೆ ಉದ್ದದ ಸೂಜಿ ತೂರಿಸಿ, ಎತ್ತಿ, ಸ್ವಲ್ಪ ಅಲುಗಿಸಿದರೆ ಕತ್ತರಿಸಿದ ಕಾರ್ಡುಗಳು ಮೇಜಿನ ಮೇಲೆ ಬೀಳುತ್ತವೆ, ಮಿಕ್ಕವು ಸೂಜಿಯಲ್ಲಿ ನೇತಾಡುತ್ತವೆ. ಬಿದ್ದವರು ಕೂಳೂರಿನವರು.

“ಮಕ್ಕಳು ಬರೆದದ್ದನ್ನು ನನಗೆ ಕೊಡಿ ಮೇಡಂ. ಬರೆದ ಹಾಗೆಯೇ ಸೂಜಿ ಹಾಕ್ತೇನೆ. ಎಷ್ಟು ಬೀಳ್ತದೆ ನೋಡಿ ನೀವು ಮಾರ್ಕು ಹಾಕಿ” ಎಂದರು.

“ನಿಮಗೆ ಇದೆಲ್ಲ ಎಲ್ಲಿ ಗೊತ್ತು?”

“ಮೊದಲು ಇದೇ ಕೆಲಸದಲ್ಲಿ ಇದ್ದದ್ದು.”

ಹಾಗೆ 1985ರಿಂದ ನಮ್ಮ ಕಾಲೇಜಿನ ಟೆಸ್ಟುಗಳಿಗೆ ಗುರುವಪ್ಪನವರೇ ಕಂಪ್ಯೂಟರ್ ಆದರು. ಅವರಿಗೆ ಕರೆಂಟೂ ಬೇಡ, ಏಸಿಯೂ ಬೇಡ. ದಾಕ್ಷಿಣ್ಯ ಅಂತೂ ಮೊದಲೇ ಇಲ್ಲ. ಮೊದಲನೆಯ ಟೆಸ್ಟಿನ ಚಿತ್ತರಂಜನ ಎಂಬ ಹುಡುಗನನ್ನು ನಾನು ಮರೆಯುವುದಿಲ್ಲ. ಕೂಳೂರು, ಪಣಂಬೂರು ಎರಡೂ ಕಡೆಯ ಕೆಲಸಗಾರರನ್ನು ತೆಗೆಯಿರಿ ಎಂಬ ಪ್ರಶ್ನೆಗೆ ಅವನು ‘ಊರು ಕೂಳೂರು ಮತ್ತು ಊರು ಪಣಂಬೂರು’ ಎಂಬರ್ಥದ ಕ್ವೆರಿ ಬರೆದಿದ್ದ. ಗುರುವಪ್ಪನವರು ಕೂಳೂರಿನ ತೂತಿಗೆ ಸೂಜಿ ಹಾಕಿದರು. ಬಿದ್ದ ಕಾರ್ಡುಗಳನ್ನೇ ಮತ್ತೆ ಜೋಡಿಸಿ ಪಣಂಬೂರಿನ ತೂತಿಗೆ ಹಾಕಿದರು. ಒಂದೂ ಬೀಳಲಿಲ್ಲ. ಹುಡುಗನ ಮುಂದೆ ಖಾಲಿ ಅಂಗೈ ಹಿಡಿದರು.

“ಅವರೂ ಬೇಕು, ಇವರೂ ಬೇಕು ಅಂತ ನಾನು ಬರೆದದ್ದು!” ಎಂದು ಚಿತ್ತರಂಜನ ಕೂಗಿದ.

“ನೀವು ಮನಸ್ಸಲ್ಲಿ ಎಣಿಸಿದ್ದು ನನಗೆ ಗೊತ್ತಿಲ್ಲ, ಬರೆದದ್ದು ಮಾತ್ರ ಗೊತ್ತುಂಟು. ಎರಡೂ ಊರಲ್ಲಿ ಮನೆ ಇರುವವ ಬೇಕು ಅಂತ ಬರೆದಿದ್ದೀರಿ. ಅಂಥ ಧನಿಗಳು ಈ ಪೆಟ್ಟಿಗೆಯಲ್ಲಿ ಇಲ್ಲ ಮಾರಾಯ್ರೆ.”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಆ ಮೂವತ್ತೆಂಟು ಮಂದಿಯಲ್ಲಿ ಮುಂದೆ ಯಾರೂ ಆ ತಪ್ಪು ಮಾಡಲಿಲ್ಲ. ನಾನು ಎರಡು ವಾರ ಬೋರ್ಡಿನ ಮೇಲೆ ಬರೆದು ಗಂಟಲು ಹರಿದುಕೊಂಡರೂ ಆಗದ್ದು ಒಂದು ಖಾಲಿ ಅಂಗೈಯಿಂದ ಆಗಿಹೋಯಿತು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವರು ಕಾವೂರಿನವರು. ಎಸ್ಸೆಸ್ಸೆಲ್ಸಿ ಮುಗಿಸಿ, ಸ್ವಲ್ಪ ಕಾಲ ಅಲ್ಲಿ ಇಲ್ಲಿ ಗುಮಾಸ್ತಿಕೆ ಮಾಡಿ, 1971ರಲ್ಲಿ ಪಣಂಬೂರಿನ ಕಡೆಗೆ ಹೊಸದಾಗಿ ಎದ್ದ ಸಮುದ್ರತಾರಾ ಎಂಬ ಪೈಪು ಕಾರ್ಖಾನೆಯಲ್ಲಿ ರೆಕಾರ್ಡ್ ಕ್ಲಾರ್ಕ್ ಆಗಿ ಸೇರಿದವರು. ಖಾಯಂ ಕೆಲಸ, ಕ್ಯಾಂಟೀನು, ಮನೆ ಹತ್ತಿರವೇ ನಿಲ್ಲುವ ಕಾರ್ಖಾನೆಯ ಬಸ್ಸು. ಇಷ್ಟೆಲ್ಲ ಬಿಟ್ಟು 1980ರಲ್ಲಿ ನಮ್ಮ ಕಾಲೇಜಿಗೆ ಅಟೆಂಡರ್ ಆಗಿ ಬಂದಿದ್ದರು, ಅದೂ ಎರಡು ಬಸ್ಸು ಬದಲಿಸಿ. ಯಾಕೆ ಎಂದು ಕೇಳಿದರೆ, “ಅಲ್ಲಿ ಪೈಪಿನ ಶಬ್ದ ಜಾಸ್ತಿ ಮೇಡಂ” ಎನ್ನುತ್ತಿದ್ದರು. ಕಾಲೇಜಿನ ಎದುರೇ ಲಾರಿಗಳು ಇಪ್ಪತ್ತನಾಲ್ಕು ಗಂಟೆ ಬೊಬ್ಬೆ ಹಾಕುತ್ತಿದ್ದವು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ನನಗಾಗದು, ಆದರೂ ಕೆದಕಲಿಲ್ಲ. ಯಾರೋ ಮ್ಯಾನೇಜರನ ಜೊತೆ ಹೊಯ್ಕೈ ಆಗಿರಬೇಕು ಎಂದುಕೊಂಡೆ.

ಅವರ ಒಬ್ಬಳೇ ಮಗಳು ನಳಿನಾಕ್ಷಿ 1986ರಲ್ಲಿ ನಮ್ಮಲ್ಲೇ ಸೇರಿದಳು. ಸಿಬ್ಬಂದಿಯ ಮಕ್ಕಳಿಗೆ ಫೀಸು ಪೂರ್ತಿ ಮಾಫಿ ಎಂದು ಆಡಳಿತದವರು ನಿಯಮ ಮಾಡಿದ್ದರು, ಜೊತೆಗೆ ಒಂದು ಬಾಲ. ಪ್ರತಿ ವಿಷಯದಲ್ಲೂ ವರ್ಷದ ಎರಡು ಟೆಸ್ಟು ಸೇರಿ ಐವತ್ತಕ್ಕೆ ಇಪ್ಪತ್ತೈದು ಬರಬೇಕು. ಒಂದೇ ಒಂದು ವಿಷಯದಲ್ಲಿ ಕಡಿಮೆಯಾದರೂ ಮಾಫಿ ಹೋಯಿತು. ಅಟೆಂಡರನ ಸಂಬಳ ಮತ್ತು ಹೆಂಡತಿ ಕಟ್ಟುವ ಬೀಡಿ, ಇದರಲ್ಲಿ ಫೀಸು ಕಟ್ಟಿ ಓದಿಸುವ ಮಾತೇ ಇರಲಿಲ್ಲ. ಮಾಫಿ ಹೋದರೆ ಓದೂ ಹೋಯಿತು ಎಂದು ಅವಳಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

1988ರಲ್ಲಿ ಅವಳು ನನ್ನ ಕ್ಲಾಸಿಗೆ ಬಂದಳು. ಚುರುಕಾದ ಹುಡುಗಿ, ಆದರೆ ಮೊದಲ ಟೆಸ್ಟಿನ ಹೊತ್ತಿಗೆ ಕಾಮಾಲೆ. ಕಣ್ಣು ಹಳದಿ ಮಾಡಿಕೊಂಡೇ ಬಂದು ಬರೆದು, ಇಪ್ಪತ್ತೈದಕ್ಕೆ ಏಳು ತೆಗೆದಳು. ಅಂದರೆ ಎರಡನೆಯ ಟೆಸ್ಟಿನಲ್ಲಿ ಹದಿನೆಂಟು ಬೇಕು. ಅವಳು ಕಾಯಿಲೆ ಬಿಟ್ಟೆದ್ದು ಲೈಬ್ರರಿಯಲ್ಲಿ ಕೂತು ಬರೆದೂ ಬರೆದೂ ಬೆರಳಿಗೆ ಗಂಟು ಬರಿಸಿಕೊಂಡಳು.

ಎರಡನೆಯ ಟೆಸ್ಟಿಗೆ ಪ್ರಶ್ನೆ ಮಾಡಿಕೊಂಡು, ಉತ್ತರ ಎಷ್ಟು ಬರುತ್ತದೆಂದು ತಿಳಿಯಲು ಹಿಂದಿನ ದಿನ ಗುರುವಪ್ಪನವರಿಗೆ ತೋರಿಸಿದೆ. ಮಗಳ ಟೆಸ್ಟಿನ ಪ್ರಶ್ನೆಯನ್ನು ಅಪ್ಪನಿಗೆ ತೋರಿಸಬಹುದೇ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಅವರನ್ನು ಕಂಡವರು ಯಾರೂ ಯೋಚಿಸುತ್ತಿರಲಿಲ್ಲ. ಹತ್ತು ಮಾರ್ಕಿನ ಪ್ರಶ್ನೆ ಹೀಗಿತ್ತು: ಪೆಟ್ಟಿಗೆಯಲ್ಲಿರುವ ಎಲ್ಲ ಕೆಲಸಗಾರರ ಪಟ್ಟಿಯನ್ನು ಊರಿನ ಪ್ರಕಾರ ತೆಗೆಯಿರಿ.

ಅವರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿದರು. “ಇದು ನೀವೇ ಮಾಡಿದ ಪ್ರಶ್ನೆಯಾ ಮೇಡಂ?”

“ಮತ್ತೆ ಯಾರು ಮಾಡ್ತಾರೆ?”

ಕಾರ್ಡಿನಲ್ಲಿ ಏಳು ಊರುಗಳಿಗೆ ಏಳು ತೂತು. ಅವರು ಏಳು ಸಲ ಸೂಜಿ ಹಾಕಿದರು. ಬಿದ್ದದ್ದನ್ನೆಲ್ಲ ಕೂಡಿಸಿದಾಗ ನೂರ ಹದಿನಾರು. ನಾನು ಬರೆದುಕೊಂಡೆ.

“ನಾಲ್ಕು ಉಳೀತದೆ ಮೇಡಂ. ಇವರಿಗೆ ಊರು ಹಾಕಿಲ್ಲ.”

“ಉಳಿಯಲಿ ಬಿಡಿ” ಎಂದೆ. ಮನೆಗೆ ಹೋಗುವ ಅವಸರದಲ್ಲಿದ್ದೆ.

ಟೆಸ್ಟು ನಡೆಯಿತು. ಮಗಳ ಕಾಗದಕ್ಕೆ ನಾನೇ ಸೂಜಿ ಹಾಕುತ್ತೇನೆ ಎಂದೆ, ಜನರ ಬಾಯಿಗೆ ಯಾಕೆ ಸಿಗಬೇಕು ಎಂದು. “ಬೇಡ ಮೇಡಂ, ನಿಮಗೆ ಅಭ್ಯಾಸ ಇಲ್ಲ, ಕಾರ್ಡು ಹರೀತದೆ” ಎಂದರು. ಮೂವತ್ತೆಂಟು ಕಾಗದಕ್ಕೂ ಅವರೇ ಹಾಕಿದರು. ಬಹುತೇಕ ಎಲ್ಲರೂ ಏಳು ಊರಿಗೆ ಏಳು ಸಾಲು ಬರೆದಿದ್ದರು, ಎಲ್ಲರದ್ದೂ ನೂರ ಹದಿನಾರು. ಲಿಗೋರಿ ಮತ್ತು ಕುಶಲಾ ಎಂಬ ಇಬ್ಬರು ಮಾತ್ರ ಕೊನೆಗೊಂದು ಎಂಟನೆಯ ಸಾಲು ಸೇರಿಸಿದ್ದರು, ಊರು ಬರೆಯದೆ ಬಿಟ್ಟವರಿಗೆಂದು. ಕೇಳದ್ದನ್ನು ಬರೆದಿದ್ದೀರಿ ಎಂದು ಅವರಿಬ್ಬರಿಗೆ ಒಂದೊಂದು ಮಾರ್ಕು ಕಡಿದೆ. ನಳಿನಾಕ್ಷಿಗೆ ಇಪ್ಪತ್ತೈದಕ್ಕೆ ಇಪ್ಪತ್ತು ಬಂತು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಸಂತೋಷದಲ್ಲಿ ಗುರುವಪ್ಪನವರನ್ನು ಕರೆದು ಹೇಳಿದೆ.

ಅವರು ಕೈಯಲ್ಲಿ ಆ ನಾಲ್ಕು ಕಾರ್ಡು ಹಿಡಿದುಕೊಂಡು ನಿಂತಿದ್ದರು.

“ಮೇಡಂ, ಪ್ರಶ್ನೆಯಲ್ಲಿ ‘ಎಲ್ಲ’ ಅಂತ ಉಂಟು. ಇವರು?”

“ಅವರ ಊರೇ ಬರೆದಿಲ್ಲ. ಮಕ್ಕಳು ಎಂತ ಮಾಡ್ಬೇಕು?”

“ಲಿಗೋರಿ ಮಾಡಿದ್ದಾನಲ್ಲ. ಕುಶಲಾ ಮಾಡಿದ್ದಾಳಲ್ಲ.”

“ಗುರುವಪ್ಪ, ನಿಮ್ಮ ಮಗಳಿಗೆ ಇಪ್ಪತ್ತು ಬಂದಿದೆ. ನೀವು ಹೇಳುವ ಹಾಗೆ ನೋಡಿದರೆ ನಾಲ್ಕು ಕಡಿಯಬೇಕು. ಹದಿನಾರಾಗ್ತದೆ. ಗೊತ್ತುಂಟಲ್ಲ?”

“ಗೊತ್ತುಂಟು.”

“ಹಾಗಾದ್ರೆ ಸುಮ್ಮನಿರಿ!” ಎಂದು ಗದರಿದೆ. ಅವರು ಕಾರ್ಡುಗಳನ್ನು ಪೆಟ್ಟಿಗೆಗೆ ಹಾಕಲಿಲ್ಲ. ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋದರು.

ಮರುದಿನ ಬೆಳಿಗ್ಗೆ ಮೊದಲ ಪೀರಿಯಡ್ ಖಾಲಿ ಇತ್ತು. ಕಾರ್ಡುಗಳು ಅಲ್ಲೇ ಇದ್ದವು. ನನ್ನ ನೋಟ್ಸಿನ ಮೊದಲ ಪುಟ ತೆಗೆದೆ. ನಾನೇ ಬರೆಸಿದ ಮೊದಲ ಪಾಠ: ಮೊದಲು ಒಟ್ಟು ಎಷ್ಟೆಂದು ಎಣಿಸು, ಕೊನೆಗೆ ತಾಳೆ ನೋಡು. ಮಕ್ಕಳು ತಾಳೆ ನೋಡಲಿಲ್ಲ. ಪ್ರಶ್ನೆ ಮಾಡಿದ ನಾನೂ ನೋಡಲಿಲ್ಲ. ನೋಡಿದವರಿಬ್ಬರಿಗೆ ದಂಡ ಹಾಕಿದ್ದೆ. ನಾಚಿಕೆಯಾಯಿತು. ಎಲ್ಲರಿಗೂ ಪೂರ್ತಿ ಮಾರ್ಕು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು, ಹಾಗೆ ಮಾಡಲು ಪೆನ್ನನ್ನೂ ತೆಗೆದೆ. ಅಷ್ಟರಲ್ಲಿ ಗುರುವಪ್ಪನವರು ಬಂದರು. ಹೇಳಿದೆ.

“ಎಲ್ಲರಿಗೂ ಕೊಟ್ರೆ ಇವರು ಪುನಃ ಡ್ರಾಯರಿಗೇ ಹೋದ ಹಾಗೆ ಮೇಡಂ” ಎಂದರು.

ಯಾವ ಡ್ರಾಯರು ಎಂದು ನನಗೆ ಅರ್ಥವಾಗಲಿಲ್ಲ, ಆದರೆ ಅವರ ದನಿಯಲ್ಲಿ ಏನೋ ಇತ್ತು. ನಾನು ವಾದ ಮಾಡಲಿಲ್ಲ. ಮೂವತ್ತಾರು ಮಂದಿಗೆ ನಾಲ್ಕು ನಾಲ್ಕು ಮಾರ್ಕು ಕಡಿದೆ, ಲಿಗೋರಿಗೂ ಕುಶಲಾಳಿಗೂ ಕಡಿದದ್ದನ್ನು ವಾಪಸು ಕೊಟ್ಟೆ. ಯಾಕೆಂದು ಒಂದು ಸಾಲು ಬರೆದು ಪಟ್ಟಿಯನ್ನು ಬೋರ್ಡಿಗೆ ಹಾಕಿದೆ. ನಳಿನಾಕ್ಷಿ, ಹದಿನಾರು.

ಸ್ಟಾಫ್ ರೂಮಿನ ಮಾತು ಕಿವಿಗೆ ಬಿದ್ದು ಮಧ್ಯಾಹ್ನ ಅವಳು ಕಂಪ್ಯೂಟರ್ ಕೋಣೆಗೆ ಬಂದಳು. ಚಪ್ಪಲಿ ಬಿಡಲಿಲ್ಲ. ಅವಳ ಅಪ್ಪ ಅದನ್ನು ನೋಡಿದರೂ ಏನೂ ಹೇಳಲಿಲ್ಲ. ಅವಳು ಮಾತಾಡಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಅದರ ಖಾರ ಅರ್ಧ ಇಳಿದುಹೋಗುತ್ತದೆ.

“ಅಪ್ಪ, ಮೇಡಂ ಇಪ್ಪತ್ತು ಕೊಟ್ಟಿದ್ರಂತೆ. ನೀವೇ ಬಾಯಿ ಹಾಕಿ ಕಡಿಸಿದ್ದಂತೆ. ಹೌದಾ?”

“ಹೌದು.”

“ಎಂತಕ್ಕೆ? ನಾನು ನಿಮಗೆ ಎಂತ ಮಾಡಿದ್ದೇನೆ?”

ನಾನು ಎದ್ದು ಹೊರಗೆ ಹೋಗಲು ನೋಡಿದೆ. “ಕೂತ್ಕೊಳ್ಳಿ ಮೇಡಂ, ನಿಮಗೂ ಹೇಳ್ಬೇಕು” ಎಂದರು ಗುರುವಪ್ಪನವರು. ಆ ನಾಲ್ಕು ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಹೆಸರು ಓದಿದರು. ತುಕ್ರ. ಮುದ್ದು. ಮೂಸಬ್ಬ. ಪೌಲ್. ಮೂರು ವರ್ಷ ಆ ಕಾರ್ಡುಗಳಿಂದ ಪರೀಕ್ಷೆ ಮಾಡಿದ್ದೆವು, ಬಿದ್ದದ್ದನ್ನು ಎಣಿಸಿದ್ದೆವು. ಹೆಸರು ಓದಿದ್ದು ಅದೇ ಮೊದಲು.

ಅವು ಅಭ್ಯಾಸಕ್ಕೆಂದು ಮಾಡಿದ ಕಾರ್ಡುಗಳಲ್ಲ. ಸಮುದ್ರತಾರಾ ಕಾರ್ಖಾನೆಗೆ ಜಾಗ ಬಿಟ್ಟುಕೊಟ್ಟು, ಅದೇ ಕಾರ್ಖಾನೆಯಲ್ಲಿ ದಿನಗೂಲಿಗೆ ಸೇರಿದ್ದ ನೂರ ಇಪ್ಪತ್ತು ಮಂದಿಯ ಕಾರ್ಡುಗಳು. 1975ರಲ್ಲಿ ಆಫೀಸಿನಿಂದ ಒಂದು ಆರ್ಡರು ಬಂತು. ಇವರನ್ನೆಲ್ಲ ಖಾಯಂ ಮಾಡಬೇಕು, ಊರಿನ ಪ್ರಕಾರ ಪಟ್ಟಿ ಇವತ್ತೇ ಕೊಡಿ ಎಂದು. ಗುರುವಪ್ಪನವರು ಏಳು ಊರಿಗೆ ಏಳು ಸೂಜಿ ಹಾಕಿದರು. ನಾಲ್ಕು ಕಾರ್ಡು ಉಳಿದವು. ಆ ನಾಲ್ವರ ಮನೆಗಳಿದ್ದದ್ದು ಕಾರ್ಖಾನೆ ಎದ್ದ ಜಾಗದಲ್ಲೇ. ಹೊಳೆಯ ನಡುವೆ ದ್ವೀಪದ ಹಾಗಿದ್ದ ಆ ಕುದ್ರು ಈಗ ಇಲ್ಲ, ಅದಕ್ಕೆ ಕಾರ್ಡಿನಲ್ಲಿ ತೂತೂ ಇರಲಿಲ್ಲ. ಬಾಕಿ ನೂರ ಹದಿನಾರು ಮಂದಿ ಗದ್ದೆ ಬಿಟ್ಟುಕೊಟ್ಟವರು, ಹಿತ್ತಿಲು ಬಿಟ್ಟುಕೊಟ್ಟವರು. ಊರನ್ನೇ ಬಿಟ್ಟುಕೊಟ್ಟವರು ಈ ನಾಲ್ವರು.

“ನಾನು ನೋಡಿದ್ದೆ” ಎಂದರು ಗುರುವಪ್ಪನವರು. “ಕಾಣಲಿಲ್ಲ ಅಂತ ಹೇಳುವ ಹಾಗೆ ಇಲ್ಲ. ಕೈಯಲ್ಲೇ ಹಿಡಿದಿದ್ದೆ. ಗಂಟೆ ಐದಾಗಿತ್ತು, ಬಸ್ಸು ಹಾರ್ನ್ ಹಾಕ್ತಾ ಇತ್ತು. ಇವರನ್ನು ಕಂಡು ಕೇಳಿ ಕೊನೆಗೆ ಸೇರಿಸಬೇಕು, ನಾಳೆ ಮಾಡುವ ಅಂತ ಡ್ರಾಯರಿಗೆ ಹಾಕಿ, ಬಿದ್ದವರ ಪಟ್ಟಿ ಟೈಪಿಗೆ ಕೊಟ್ಟು ಬಸ್ಸು ಹತ್ತಿದೆ. ಬೆಳಿಗ್ಗೆ ಬರುವಾಗ ಪಟ್ಟಿ ಟೈಪಾಗಿ ಸೈನ್ ಆಗಿತ್ತು. ಸಾಹೇಬರ ಹತ್ತಿರ ಹೋಗಿ ತಪ್ಪಾಯ್ತು ಅಂತ ಹೇಳಲಿಕ್ಕೆ ಹೆದರಿಕೆ ಆಯ್ತು. ಒಂದು ದಿನ ಬಿಟ್ಟೆ. ಎರಡು ದಿನ ಬಿಟ್ಟೆ. ಮತ್ತೆ ಯಾವ ಬಾಯಿಯಲ್ಲಿ ಹೇಳುದು?”

ನೂರ ಹದಿನಾರು ಮಂದಿ ಖಾಯಂ ಆದರು. ಈ ನಾಲ್ವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುದ್ದು ಊರು ಬಿಟ್ಟು ಹೋದರು. ಪೌಲ್ ತೀರಿಕೊಂಡರು. ಮೂಸಬ್ಬ ಮೀನಿನ ಲಾರಿಗೆ ಸೇರಿದರು. ತುಕ್ರ ಮಾತ್ರ ಐದು ವರ್ಷ ಅದೇ ಗೇಟಿನಲ್ಲಿ ದಿನಗೂಲಿಗೆ ಪೈಪು ಹೊತ್ತರು. ದಿನಾ ಬೆಳಿಗ್ಗೆ ಗುರುವಪ್ಪನವರು ಬಸ್ಸಿನಿಂದ ಇಳಿಯುವಾಗ ಎದುರಿಗೆ ತುಕ್ರ. ಕೊನೆಗೆ ನೋಡಲಾರದೆ ಕೆಲಸ ಬಿಟ್ಟರು. ಕಾರ್ಖಾನೆಯವರು ಹಳೆಯ ಕಾರ್ಡುಗಳನ್ನು ಸುಡಲು ಹೊರಗೆ ಹಾಕಿದಾಗ ಪೆಟ್ಟಿಗೆಯನ್ನು ಕೇಳಿ ತೆಗೆದುಕೊಂಡರು.

ನಳಿನಾಕ್ಷಿ ಪೂರ್ತಿ ಕೇಳಿದಳು. ಅಳುತ್ತಾಳೆ ಎಂದು ನಾನು ತಿಳಿದಿದ್ದೆ. ಅವಳು ಅಳಲಿಲ್ಲ.

“ಇದು ತುಕ್ರಣ್ಣನಿಗೆ ಗೊತ್ತುಂಟಾ?”

“ಇಲ್ಲ.”

“ನನ್ನ ಮಾರ್ಕು ಕೊಟ್ಟುಬಿಡ್ಲಿಕ್ಕೆ ನಿಮಗೆ ಒಂದು ದಿನ ಸಾಕಾಯ್ತು ಅಪ್ಪ. ಅವರಿಗೆ ಹೇಳ್ಲಿಕ್ಕೆ ಹದಿಮೂರು ವರ್ಷ ಸಾಕಾಗ್ಲಿಲ್ವಾ?”

ಗುರುವಪ್ಪನವರು ತಲೆ ತಗ್ಗಿಸಿದರು. ಆ ಮಾತು ನನಗೂ ತಾಗಿತು. ನಾಲ್ಕು ಮಂದಿಯ ಲೆಕ್ಕವನ್ನು ಅವರು ಮೂವತ್ತಾರು ಮಕ್ಕಳ ಮಾರ್ಕಿನಲ್ಲಿ ಸರಿಮಾಡಲು ಹೊರಟಿದ್ದರು. ಮೂವತ್ತಾರರಲ್ಲಿ ಒಬ್ಬಳಿಗೆ ಅದು ತುಂಬ ದುಬಾರಿಯಾಯಿತು.

ಫೀಸು ಮಾಫಿ ಹೋಯಿತು. ನಾನು ಪ್ರಿನ್ಸಿಪಾಲರ ಹತ್ತಿರ ಜಗಳವಾಡಿದೆ, ನನ್ನದೇ ತಪ್ಪು ಎಂದು ಬರೆದುಕೊಟ್ಟೆ, ನಿಯಮ ನಿಯಮವೇ ಎಂದರು. ನಳಿನಾಕ್ಷಿ ಒಂದು ವರ್ಷ ಕಾಲೇಜು ಬಿಟ್ಟು ಪಣಂಬೂರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಟೈಪು ಮಾಡಿದಳು. ಆಮೇಲೆ ಬಂದು ಓದು ಮುಗಿಸಿದಳು. ಆ ಒಂದು ವರ್ಷ ಅವಳಿಗೆ ಹೋದದ್ದು ಹೋಯಿತು, ಅದಕ್ಕೆ ನಾನು ಬೇರೆ ಬಣ್ಣ ಹಚ್ಚುವುದಿಲ್ಲ. ಆದರೆ ಆ ಪಟ್ಟಿ ಹಾಕಿದ ವಾರದ ಭಾನುವಾರವೇ ಅವಳು ಅಪ್ಪನನ್ನು ತುಕ್ರರ ಮನೆಗೆ ಹೊರಡಿಸಿದಳು. “ಮೇಡಂ, ನೀವೂ ಬನ್ನಿ. ಪ್ರಶ್ನೆ ಮಾಡಿದ್ದು ನೀವಲ್ವಾ” ಎಂದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೂಳೂರಿನಲ್ಲಿ ಬಸ್ಸಿಳಿದು, ಸಂಕದ ಬದಿಯಿಂದ ಹೊಳೆಯ ದಡಕ್ಕೆ ಇಳಿದೆವು. ಕಾಲುದಾರಿಯಲ್ಲಿ ಗುರುವಪ್ಪನವರು ಎರಡು ಸಲ ನಿಂತರು. ಎರಡು ಸಲವೂ ಮಗಳು ಹಿಂದೆ ತಿರುಗಿ ನೋಡಿ ಕಾದಳು. ತೆಂಗಿನ ಮಡಲಿನ ಬೇಲಿಯ ಒಂದು ಸಣ್ಣ ಮನೆ. ಅಂಗಳದಲ್ಲಿ ತುಕ್ರ ಹೊರಸಿಗೆ ಹಗ್ಗ ಹೆಣೆಯುತ್ತಿದ್ದರು. ಅವರ ಹೆಂಡತಿ ಅಕ್ಕು ಮನೆಯ ಬದಿಯಲ್ಲಿ ಕೂತು ಹೊಳೆಯಿಂದ ತಂದ ಮರುವಾಯಿ ಎಂಬ ಕಪ್ಪೆಚಿಪ್ಪು ಬಿಡಿಸುತ್ತಿದ್ದರು.

“ಓ, ರೈಟ್ರು!” ಎಂದು ತುಕ್ರ ಎದ್ದು ನಿಂತರು. ಕಾರ್ಖಾನೆಯಲ್ಲಿ ಗುಮಾಸ್ತರನ್ನು ಹಾಗೆಯೇ ಕರೆಯುವುದು. ಅಷ್ಟು ಹೇಳಿ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡರು. ಹೆಚ್ಚು ಮಾತಿನ ಮನುಷ್ಯನ ಹಾಗೆ ಕಾಣಲಿಲ್ಲ.

ಗುರುವಪ್ಪನವರು ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು. ಏಳು ತೂತು, ನಾಲ್ಕು ಕಾರ್ಡು, ಐದು ಗಂಟೆ, ಡ್ರಾಯರು. ತನ್ನ ತಪ್ಪನ್ನು ಎಲ್ಲೂ ಮುಚ್ಚಿಟ್ಟು ಹೇಳಲಿಲ್ಲ.

“ಬಸ್ಸಿಗೆ” ಎಂದರು ತುಕ್ರ. ಮತ್ತೊಮ್ಮೆ ಹೇಳಿದರು, “ಒಂದು ಬಸ್ಸಿಗೆ.”

“ಹೌದು.”

ಹಗ್ಗದ ತುದಿ ಅವರ ಮುಷ್ಟಿಯಲ್ಲೇ ಇತ್ತು. ಹೊಡೆದೇ ಬಿಡುತ್ತಾರೆ ಎಂದು ನಾನು ಹೆದರಿದೆ. ಹೊಡೆದರೆ ತಡೆಯಬೇಕೆಂದೂ ನನಗೆ ಅನಿಸಲಿಲ್ಲ.

“ಕಾರ್ಡು ಮಾಡುವಾಗ ನೀವು ನನ್ನತ್ರ ಕೇಳಿದ್ದು ನೆನಪುಂಟಾ ರೈಟ್ರೇ?”

“ಎಂತ ಕೇಳಿದ್ದು?”

“ಊರು ಯಾವುದು ಅಂತ ಕೇಳಿದ್ರಿ. ನನ್ನ ಊರು ನಿಮ್ಮ ಗೇಟಿನ ಒಳಗೆ ಉಂಟು, ಬೇಕಾದ್ರೆ ಅಗೆದು ನೋಡಿ ಅಂತ ಹೇಳಿದೆ. ಲೈನಲ್ಲಿ ನಿಂತವರೆಲ್ಲ ನಗಾಡಿದ್ರು. ನೀವೂ ನಗಾಡಿದ್ರಿ.”

ಗುರುವಪ್ಪನವರಿಗೆ ನೆನಪಿರಲಿಲ್ಲ. ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಪಟ್ಟಿಯಲ್ಲಿ ಹೆಸರು ಬಾರದಾಗ ಇವಳು ಹೇಳಿದಳು, ನಿನ್ನ ಬಾಯಿಯಿಂದ ಹೋಯ್ತು, ರೈಟ್ರಿಗೆ ಸಿಟ್ಟು ಬಂದು ಹೆಸರು ಹೊಡೆದು ಹಾಕಿದ್ದಾರೆ ಅಂತ. ನಾನೂ ಹಾಗೆಯೇ ಎಣಿಸಿದ್ದು. ಆಮೇಲೆ ನಾನು ತಮಾಷೆ ಮಾಡುದನ್ನೇ ಬಿಟ್ಟೆ. ಆಫೀಸಿನವರು ಕಂಡ್ರೆ ಬಾಯಿ ಮುಚ್ಚಿ ನಿಲ್ಲುದು. ಮಕ್ಕಳಿಗೂ ಹೊಡೆದು ಹೊಡೆದು ಅದನ್ನೇ ಕಲಿಸಿದೆ.” ಅವರು ಗುರುವಪ್ಪನವರ ಹತ್ತಿರ ಬಂದು ನಿಂತರು. “ಹಾಗಾದ್ರೆ ಅದಕ್ಕಲ್ವಾ?”

“ಅದಕ್ಕಲ್ಲ ತುಕ್ರ. ನಿನ್ನ ಮಾತಿನಿಂದ ಎಂತದೂ ಆಗ್ಲಿಲ್ಲ. ನನ್ನಿಂದ ಆದದ್ದು.”

“ಅಕ್ಕೂ” ಎಂದು ತುಕ್ರ ಕೂಗಿದರು. “ಇಲ್ಲಿ ಬಾ. ಬೇಗ ಬಾ.”

ಮರುವಾಯಿಯ ಚಿಪ್ಪಿನ ಸದ್ದು ನಿಂತಿತು. ಅಕ್ಕು ಒದ್ದೆ ಕೈಯಲ್ಲೇ ಎದ್ದು ಬಂದರು.

“ರೈಟ್ರೇ, ಈಗ ಹೇಳಿದ್ದನ್ನು ಇವಳಿಗೆ ಹೇಳಿ.”

ಗುರುವಪ್ಪನವರು ಮೊದಲಿನಿಂದ ಹೇಳಿದರು. ಕೊನೆಗೆ, ನಿನ್ನ ಗಂಡನ ಬಾಯಿಯಿಂದ ಹೋದದ್ದಲ್ಲ ಎಂದು ಕೇಳದೆಯೇ ಸೇರಿಸಿದರು. ಅಕ್ಕು ಗಂಡನ ಮುಖವನ್ನು ನೋಡಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ತುಕ್ರ ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವರನ್ನು ಹೆಸರು ಹಿಡಿದು ಕರೆಯತೊಡಗಿದರು. ಬೇಲಿಯ ಆಚೆ ಮೂರು ನಾಲ್ಕು ತಲೆ ಕಂಡವು. “ಇವರಿಗೂ ಹೇಳಿ. ಇವರೂ ಎಲ್ಲ ಹಾಗೇ ಎಣಿಸಿದ್ದು” ಎಂದರು.

ಗುರುವಪ್ಪನವರು ಬೇಲಿಯ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಮೂರನೆಯ ಸಲ ಹೇಳತೊಡಗಿದರು.